ಹಂಚಿನ ಮಾಡೂ ಅಟ್ಟದ ಗಾಳಿಯೂ

ನಾಡಿನ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಳಗಳನ್ನೂ ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ಕುರಿತು ವಿಸ್ತಾರವಾಗಿ ಬರೆಯುವುದುಂಟು. ಆದರೆ ಜನರು ಹುಟ್ಟಿ, ಬೆಳೆದು, ಬಾಳಿ ಅಳಿದ ಮನೆಗಳ ಚರಿತ್ರೆಯನ್ನು ಬರೆಯುವವರು ವಿರಳ. ಅದರಲ್ಲಿಯೂ ಮಾಡಿಗೂ ಮುಚ್ಚಿಗೆಗೂ ನಡುವೆ ಕತ್ತಲಲ್ಲಿ ಅಡಗಿರುವ ಅಟ್ಟವೆಂಬ ಭಾಗವು ಚರಿತ್ರಕಾರರ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಿದ್ದರೂ ನಮ್ಮ ಕರಾವಳಿಯ ಗೃಹಸ್ಥನಿಗೆ ಅಟ್ಟವು ಒಂದು ಭಂಡಾರವೇ ಆಗಿದ್ದಿತು. ಬರುವ ವರ್ಷದ ಬಿತ್ತನೆಯ ಭತ್ತ, ಅಕ್ಕಿಯ ಮುಡಿಗಳು, ಒಣಗಿದ ಅಡಕೆ, ಉಪ್ಪಿನಕಾಯಿಯ ಭರಣಿ, ಮದುವೆ ಮುಂಜಿಗಳಿಗೆ ಬೇಕಾಗುವ ತಾಮ್ರದ ಕೊಪ್ಪರಿಗೆ, ಅಜ್ಜ ಮುತ್ತಜ್ಜಂದಿರು ಬರೆಯಿಸಿದ ಓಲೆಗರಿಯ ಕಟ್ಟು—ಇವೆಲ್ಲಕ್ಕೂ ಆಶ್ರಯವಿದ್ದುದು ಅಲ್ಲಿಯೇ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನ ಸೀಮೆಯಲ್ಲಿ, ಆಟಿಯ ತಿಂಗಳಿನ ಬೂಷ್ಟಿನಿಂದ ಈ ಸಾಮಗ್ರಿಯನ್ನು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಈ ಕೆಲಸವನ್ನು ನಮ್ಮ ಹಿರಿಯರು ಗಾಳಿಯ ಕೈಗೆ ಒಪ್ಪಿಸಿದ್ದರು. ಆ ಗಾಳಿಗೆ ದಾರಿ ಹೇಗೆ ದೊರೆಯುತ್ತಿದ್ದಿತು, ಆ ದಾರಿ ಹೇಗೆ ಮುಚ್ಚಿತು, ಅದನ್ನು ಮರಳಿ ತೆರೆಯಬೇಕಾದರೆ ಯಾವ ಲೆಕ್ಕದಿಂದ ತೆರೆಯಬೇಕು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಂಚು ಬರುವುದಕ್ಕೆ ಮೊದಲು ಕರಾವಳಿಯ ಮನೆಗಳು ಬಹುಮಟ್ಟಿಗೆ ಹುಲ್ಲಿನವು. ಬಯಲಿನ ಕಡೆ ಮುಳಿಹುಲ್ಲು, ತೋಟದ ಕಡೆ ಅಡಕೆಯ ಸೋಗೆ, ಸಮುದ್ರದ ಅಂಚಿನಲ್ಲಿ ತೆಂಗಿನ ಮಡಲು—ಕೈಗೆ ಸಿಕ್ಕಿದುದೇ ಮನೆಗೆ ಹೊದಿಕೆ. ಹುಲ್ಲಿನ ಮಾಡು ತಾನೇ ಉಸಿರಾಡುತ್ತದೆ. ಅದರ ಒಂದೊಂದು ಎಸಳಿನ ನಡುವೆಯೂ ಗಾಳಿ ನಿಂತಿರುವುದರಿಂದ ಬಿಸಿಲಿನ ಕಾವು ಒಳಗೆ ಬೇಗ ಇಳಿಯುವುದಿಲ್ಲ. ಒಳಗಿನ ಹಬೆಯೂ ಹೊಗೆಯೂ ಮೆಲ್ಲಮೆಲ್ಲನೆ ಹೊರಕ್ಕೆ ಸೋಸಿ ಹೋಗುತ್ತವೆ. ಗೋಡೆಗಳು ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಗೋಡೆಯ ತಲೆಗೂ ಸೂರಿಗೂ ನಡುವೆ ಒಂದು ಗೇಣಿನ ತೆರಪು ಇರುವುದು ಸಾಮಾನ್ಯವಾಗಿತ್ತು. ಅಡಿಗೆಮನೆಯ ಒಲೆಯು ಮುಂಜಾನೆಯಿಂದ ರಾತ್ರಿಯವರೆಗೆ ಉರಿಯುತ್ತಿದ್ದಿತು. ಸೂರಿನ ತೆರಪಿನಿಂದ ತಂಪು ಗಾಳಿ ಬಂದು, ಒಲೆಯ ಕಾವಿನಿಂದ ಮೇಲೆದ್ದು, ಅಟ್ಟವನ್ನು ಸುತ್ತಿ, ಮಾಡಿನ ನೆತ್ತಿಯಿಂದ ಹೊರಬೀಳುತ್ತಿದ್ದಿತು. ಪಕಾಸುಗಳೂ ತೊಲೆಗಳೂ ಮಸಿಯಿಂದ ಕಪ್ಪಾಗಿ ಹೊಳೆಯುತ್ತಿದ್ದುವು. ಆ ಮಸಿಗೆ ಹೆದರಿ ಹುಳು ಹುಪ್ಪಟೆಗಳು ಮರದ ಹತ್ತಿರ ಸುಳಿಯುತ್ತಿರಲಿಲ್ಲ. ಓಲೆಗರಿಯ ಗ್ರಂಥಗಳನ್ನು ಅಡಿಗೆಮನೆಯ ಮೇಲಣ ಅಟ್ಟದಲ್ಲಿ ತೂಗಹಾಕುವ ವಾಡಿಕೆಗೂ ಇದೇ ಕಾರಣ. ಹಳಗನ್ನಡದ ಎಷ್ಟೋ ಕೃತಿಗಳು ನಮ್ಮ ಕಾಲದವರೆಗೆ ಉಳಿದು ಬಂದುದರಲ್ಲಿ ಪಂಡಿತರ ಶ್ರದ್ಧೆಗೆ ಸಲ್ಲುವ ಕೀರ್ತಿಯ ಒಂದು ಪಾಲು ಒಲೆಯ ಹೊಗೆಗೂ ಸಲ್ಲಬೇಕಾಗಿದೆ.

ಇಳಿಜಾರು ಮಾಡಿನ ಈ ಸಂಪ್ರದಾಯ ಎಷ್ಟು ಆಳವಾಗಿ ಬೇರೂರಿದ್ದಿತೆಂಬುದಕ್ಕೆ ಮೂಡಬಿದಿರೆಯ ಬಸದಿಗಳೇ ಸಾಕ್ಷಿ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿದವರು ಅದರ ಇಳಿಜಾರಾದ ಮೇಲ್ಮಾಡುಗಳನ್ನು ಮರೆಯಲಾರರು. ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದ ಜೇಮ್ಸ್ ಫರ್ಗ್ಯುಸನ್ನರು ಇದನ್ನು ಕಂಡು ದೂರದ ನೇಪಾಳದ ಕಟ್ಟಡಗಳನ್ನು ನೆನೆದರು. ಶಿಲ್ಪಿಯು ಕಲ್ಲಿನಲ್ಲಿ ಕೆಲಸಮಾಡುತ್ತಿದ್ದರೂ ಅವನ ಮನಸ್ಸಿನಲ್ಲಿದ್ದುದು ಮರದ ಮನೆ; ಅವನ ಮನೆಯ ಮೇಲೆ ಸುರಿಯುತ್ತಿದ್ದುದು ಕರಾವಳಿಯ ಮಳೆ.

ಹುಲ್ಲಿನ ಮಾಡಿಗೆ ದೋಷಗಳೂ ಇದ್ದುವು. ವರ್ಷ ವರ್ಷವೂ ಹೊದಿಸಬೇಕು. ಒಂದು ಕಿಡಿ ಬಿದ್ದರೆ ಕೇರಿಯೇ ಬೂದಿಯಾಗಬಹುದು. ಅನುಕೂಲವಂತರು ಕುಂಬಾರರು ಮಾಡುತ್ತಿದ್ದ ನಾಡಹಂಚನ್ನು ಹೊದಿಸುತ್ತಿದ್ದರು. ಅರೆಗೊಳವೆಯಾಕಾರದ ಈ ಹಂಚುಗಳನ್ನು ಒಂದು ಸಾಲು ಅಂಗಾತವಾಗಿಯೂ ಇನ್ನೊಂದು ಸಾಲು ಬೋರಲಾಗಿಯೂ ಇಡುವುದು. ಒಂದಕ್ಕೊಂದು ಬಿಗಿಯಾಗಿ ಕೂಡದ ಕಾರಣ ಗಾಳಿಗೆ ಬೇಕಾದಷ್ಟು ಸಂದುಗಳು ದೊರೆಯುತ್ತಿದ್ದುವು. ಆದರೆ ಕೋತಿ ಹಾರಿದರೂ ಬೆಕ್ಕು ಓಡಿದರೂ ಹಂಚು ಸರಿದು ಸೋರುತ್ತಿದ್ದಿತು.

ಈ ಸ್ಥಿತಿಯಲ್ಲಿ ಮಂಗಳೂರು ಹಂಚು ಹುಟ್ಟಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಹೆರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಸಂಗತಿ ವಾಚಕರಿಗೆ ತಿಳಿದುದೇ. ಮುದ್ರಣಾಲಯದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟರೇ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆಯನ್ನು ಆರಂಭಿಸಿದರೆಂಬುದು ನೆನಪಿಡತಕ್ಕ ವಿಷಯ. ಕನ್ನಡದ ಪುಸ್ತಕಗಳಿಗೆ ಅಚ್ಚನ್ನು ಅಣಿಮಾಡಿದ ಕೈಯೇ ಕನ್ನಡಿಗರ ಮನೆಗಳಿಗೆ ಹೊದಿಕೆಯನ್ನೂ ಅಣಿಮಾಡಿತು. ಮತಾಂತರ ಹೊಂದಿ ಬಂಧುಬಳಗದ ಆಸರೆಯನ್ನು ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವುದು ಮಿಶನ್ನಿನ ಕೈಗಾರಿಕೆಗಳ ಮುಖ್ಯ ಉದ್ದೇಶವಾಗಿದ್ದಿತು.

ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂಡುವ ಹಂಚನ್ನು 1841ರಲ್ಲಿ ಕಲ್ಪಿಸಿದವರು ಫ್ರಾನ್ಸ್ ದೇಶದ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು. ಆ ಕಲ್ಪನೆಯು ನಮ್ಮ ನದಿಗಳ ಜೇಡಿಮಣ್ಣಿನಲ್ಲಿ ಚೆನ್ನಾಗಿ ಫಲಿಸಿತು. ಮಣ್ಣಿನಲ್ಲಿದ್ದ ಕಬ್ಬಿಣದ ಅಂಶ ಆವಿಗೆಯ ಬೆಂಕಿಯಲ್ಲಿ ಕೆಂಪಾಗಿ ಹಂಚಿಗೆ ಅದರ ಪ್ರಸಿದ್ಧವಾದ ಬಣ್ಣವನ್ನು ಕೊಟ್ಟಿತು. 1868ರಲ್ಲಿ ಆಲ್ಬುಕರ್ಕ್ ಮನೆತನದವರು ತಮ್ಮದೇ ಆದ ಕಾರ್ಖಾನೆಯನ್ನು ತೆರೆದರು. ಅನಂತರ ನದೀತೀರಗಳಲ್ಲಿ ಹೊಗೆಗೊಳವೆಗಳು ಒಂದೊಂದಾಗಿ ಎದ್ದುವು. ಮಿಶನ್ನು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಮೊದಲಾದೆಡೆಗಳಲ್ಲಿಯೂ ಕಾರ್ಖಾನೆಗಳನ್ನು ನಡೆಸಿತು. 1907ರಲ್ಲಿ ಮಂಗಳೂರಿಗೆ ರೈಲುದಾರಿ ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಹಂಚು ಹಡಗುಗಳನ್ನೇರಿ ದೂರದ ಬಂದರುಗಳನ್ನು ಮುಟ್ಟಿದ್ದಿತು. 1914ರ ಮಹಾಯುದ್ಧದ ತರುವಾಯ ಮಿಶನ್ನಿನ ಕಾರ್ಖಾನೆಗಳು ಅದರ ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ಹಂಚು ಮಾತ್ರ ತನ್ನ ಊರಿನ ಹೆಸರನ್ನು ಬಿಡಲಿಲ್ಲ.

ಹೊಸ ಹಂಚು ಹಗುರ, ಬಿಗಿ, ಬಾಳಿಕೆಯುಳ್ಳದ್ದು. ನೂರು ಚದರಡಿಗೆ ಸುಮಾರು 150 ಹಂಚು ಸಾಕಾಗುವುದರಿಂದ ತೆಳುವಾದ ರೀಪುಗಳ ಮೇಲೆಯೇ ನಿಲ್ಲುತ್ತದೆ. ಬಿಗಿಯೆಂದರೂ ಅದು ಮಳೆಗೆ ಬಿಗಿಯೇ ಹೊರತು ಗಾಳಿಗೆ ಪೂರ್ಣವಾಗಿ ಬಿಗಿಯಲ್ಲ. ಜೋಡಣೆಯ ಸಂದುಗಳಲ್ಲಿ ಗಾಳಿ ನುಸುಳುತ್ತಲೇ ಇರುತ್ತದೆ. ಬರಿಯ ಹಂಚನ್ನು ಹೊದಿಸಿದ ಚಾವಡಿಯಲ್ಲಿ ಅಟ್ಟದ ಗಾಳಿಯ ಪ್ರಶ್ನೆಯೇ ಏಳುವುದಿಲ್ಲ. ಪ್ರಶ್ನೆ ಎದ್ದುದು ಮುಚ್ಚಿಗೆಯಿಂದ. ಬಂಗಲೆಗಳ ಮಾದರಿ ಹರಡಿದಂತೆ, ಕೋಣೆಯ ಮೇಲೆ ಹಲಗೆಯ ಮುಚ್ಚಿಗೆ ಹಾಕುವುದು, ಗೋಡೆಯನ್ನು ಸೂರಿನವರೆಗೆ ಎತ್ತಿ ಗಾರೆಯಿಂದ ಮೆತ್ತುವುದು, ಮಾಡಿನ ನೆತ್ತಿಯ ಹಂಚನ್ನು ಸುಣ್ಣದ ಗಾರೆಯಲ್ಲಿ ಕೂಡಿಸುವುದು ಸಭ್ಯತೆಯ ಲಕ್ಷಣವಾಯಿತು. ಸೂರಿನ ತೆರಪು ಮುಚ್ಚಿತು, ನೆತ್ತಿಯ ಸಂದೂ ಮುಚ್ಚಿತು. ಅಟ್ಟವು ಒಂದು ಪೆಟ್ಟಿಗೆಯಾಯಿತು.

ಇದರ ಕೇಡನ್ನು ಆ ಕಾಲದವರು ಅರಿಯದೆ ಇರಲಿಲ್ಲ. ಇಂಡಿಯದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗವು 1863ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಫ್ಲಾರೆನ್ಸ್ ನೈಟಿಂಗೇಲ್ ಅವರ ಪರಿಶ್ರಮ ಇದರ ಹಿಂದೆ ಬಹಳವಾಗಿದ್ದಿತು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂಬ ನಂಬಿಕೆ ಆಗ ಪ್ರಬಲವಾಗಿದ್ದುದರಿಂದ ಸಿಪಾಯಿಗಳ ವಸತಿಗಳಿಗೂ ಆಸ್ಪತ್ರೆಗಳಿಗೂ ಗಾಳಿ ಧಾರಾಳವಾಗಿ ಆಡಬೇಕೆಂಬ ಒತ್ತಾಯ ಹುಟ್ಟಿತು. ರೋಗಾಣುಗಳ ಶಾಸ್ತ್ರ ಬೆಳೆದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಅದು ತೆರೆಯಿಸಿದ ಕಿಂಡಿಗಳು ಮಾತ್ರ ಉಳಿದುವು. ತಪ್ಪು ಸಿದ್ಧಾಂತದಿಂದ ಒಳ್ಳೆಯ ಕೆಲಸವಾಗುವುದಕ್ಕೆ ಇದೊಂದು ಉದಾಹರಣೆ. ಬೆಂಗಳೂರಿನ ದಂಡಿನ ಬಂಗಲೆಗಳಲ್ಲಿ ಮಾಡಿನ ಕೊನೆಯ ತ್ರಿಕೋಣ ಗೋಡೆಗೆ ಮರದ ಪಟ್ಟಿಗಳ ಜಾಲರಿ ಬಂದಿತು. ನೆರೆಯ ಮಲಯಾಳ ನಾಡಿನಲ್ಲಿ ‘ಮುಖಪ್ಪು’ ಎಂದು ಕರೆಯುವ, ಮಾಡಿನ ನೆತ್ತಿಯಡಿಯ ಕೆತ್ತನೆಯ ಗವಾಕ್ಷವು ಇದಕ್ಕಿಂತ ಹಳೆಯ ಸಂಪ್ರದಾಯ. ಹಂಚಿನ ಕಾರ್ಖಾನೆಗಳೂ ಗಾಳಿಕಿಂಡಿಯುಳ್ಳ ಹಂಚನ್ನೂ, ಮಾಡಿನ ಒಳಮೈಗೆ ಹಾಸುವ ಚಪ್ಪಟೆಯ ಹಂಚನ್ನೂ ಮಾಡಿ ಮಾರುತ್ತಿದ್ದುವು.

ಕಿಂಡಿಗಳೇನೋ ಬಂದುವು, ಅವುಗಳ ತೂಕವನ್ನು ಅರಿತು ಇಟ್ಟವರು ಕಡಮೆ. ಇಲ್ಲಿ ಒಂದು ಭೌತಶಾಸ್ತ್ರದ ನಿಯಮವನ್ನು ಹೇಳುವುದು ಅವಶ್ಯ. ಲಾಟೀನನ್ನು ನೋಡಿರಿ. ಬುಡದ ತೂತುಗಳಿಂದ ತಣ್ಣನೆಯ ಗಾಳಿ ಒಳಹೊಕ್ಕು, ಉರಿಯಿಂದ ಬಿಸಿಯಾಗಿ ಹಗುರವಾಗಿ, ಮೇಲಣ ಬಾಯಿಂದ ಹೊರಹೋಗುತ್ತದೆ. ಬುಡದ ತೂತುಗಳನ್ನು ಮುಚ್ಚಿದರೆ ಮೇಲಣ ಬಾಯಿ ಎಷ್ಟು ದೊಡ್ಡದಾಗಿದ್ದರೂ ದೀಪ ಹೊಗೆಯುತ್ತದೆ. ಅಟ್ಟವೂ ಒಂದು ಲಾಟೀನು. ಬಿಸಿಲಿಗೆ ಕಾದ ಹಂಚೇ ಅದರ ಉರಿ. ಆದರೆ ಈ ಉರಿಯ ಬಲ ಬಹಳ ಸ್ವಲ್ಪ. ಅಟ್ಟದ ಗಾಳಿಯು ಹೊರಗಣ ಗಾಳಿಗಿಂತ 13 ಸೆಂಟಿಗ್ರೇಡ್ ಡಿಗ್ರಿ ಹೆಚ್ಚು ಬಿಸಿಯಾಗಿದ್ದು, ಕೆಳಗಿನ ಕಿಂಡಿಗೂ ಮೇಲಿನ ಕಿಂಡಿಗೂ 10 ಅಡಿ ಅಂತರವಿದ್ದರೆ, ಗಾಳಿಯನ್ನು ತಳ್ಳುವ ಒತ್ತಡ ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡದಲ್ಲಿ ಏಳನೆಯ ಒಂದು ಪಾಲು ಮಾತ್ರ. ಇಷ್ಟು ದುರ್ಬಲವಾದ ಶಕ್ತಿಯಿಂದ ಕೆಲಸ ತೆಗೆಯಬೇಕಾದರೆ ಅದರ ದಾರಿಯಲ್ಲಿ ಎಲ್ಲಿಯೂ ಇಕ್ಕಟ್ಟು ಇರಕೂಡದು.

ಸಮತೋಲದ ಪ್ರಶ್ನೆ ಬರುವುದು ಇಲ್ಲಿಯೇ. ಒಟ್ಟು 4 ಚದರಡಿಯಷ್ಟು ಕಿಂಡಿಯನ್ನು ತೆರೆಯಲು ನಿಶ್ಚಯಿಸಿದೆವೆನ್ನೋಣ. ಸೂರಿನಲ್ಲಿ 2, ನೆತ್ತಿಯಲ್ಲಿ 2 ಎಂದು ಹಂಚಿದರೆ, ಎರಡೂ ಕೂಡಿ 1.4 ಚದರಡಿಯ ಒಂದೇ ಕಿಂಡಿಯಷ್ಟು ಕೆಲಸ ಮಾಡುತ್ತವೆ. ಒಂದು ಕಡೆ 3, ಇನ್ನೊಂದು ಕಡೆ 1 ಎಂದು ಹಂಚಿದರೆ ಆ ಬೆಲೆ 0.95ಕ್ಕೆ ಇಳಿಯುತ್ತದೆ, ಎಂದರೆ ಅದೇ ಖರ್ಚಿಗೆ ಮೂರರಲ್ಲಿ ಎರಡು ಪಾಲಿನಷ್ಟೇ ಗಾಳಿ. ಮೇಲೆ ಒಂದೇ ಚದರಡಿಯನ್ನು ಇಟ್ಟು ಕೆಳಗೆ ಹತ್ತು ಚದರಡಿ ತೆರೆದರೂ ಒಟ್ಟು ಬೆಲೆ ಒಂದನ್ನು ಮೀರದು. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗೊಡಗೊಡನೆ ತಡೆದು ತಡೆದು ಬೀಳುತ್ತದೆ, ಎದುರಿಗೆ ಇನ್ನೊಂದು ತೂತು ಮಾಡಿದರೆ ಸಲೀಸಾಗಿ ಸುರಿಯುತ್ತದೆ ಎಂಬುದು ಅಂಗಡಿಯ ಹುಡುಗನಿಗೂ ಗೊತ್ತು. ಮನೆ ಕಟ್ಟುವಾಗ ಇದನ್ನೇ ನಾವು ಮರೆಯುತ್ತೇವೆ.

ಎರಡು ಪಾಲುಗಳಲ್ಲಿ ಸ್ವಲ್ಪ ಹೆಚ್ಚುಕಡಮೆ ಮಾಡಲೇಬೇಕಾಗಿ ಬಂದರೆ, ಹೆಚ್ಚು ಕೆಳಗಿರಲಿ. ಮೇಲಿನ ಕಿಂಡಿ ದೊಡ್ಡದಾಗಿ ಸೂರಿನ ಕಿಂಡಿ ಕಿರಿದಾದರೆ, ಹೊರಹೋಗುವ ಗಾಳಿಯು ತನ್ನ ಕೊರತೆಯನ್ನು ಮುಚ್ಚಿಗೆಯ ಹಲಗೆಗಳ ಸಂದಿನಿಂದ ತುಂಬಿಕೊಳ್ಳುತ್ತದೆ. ಅಡಿಗೆಮನೆಯ ಹಬೆಯೂ ಬಚ್ಚಲಿನ ತೇವವೂ ಅಟ್ಟಕ್ಕೆ ಏರುತ್ತವೆ. ಹೊಗೆಯೊಡನೆ ಹಬೆ ಏರುತ್ತಿದ್ದ ಕಾಲದಲ್ಲಿ ಒಲೆಯ ಕಾವು ಅದನ್ನು ಒಣಗಿಸುತ್ತಿದ್ದಿತು. ಈಗ ಹಬೆಯೊಂದೇ ಏರುತ್ತದೆ. ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ನೆತ್ತಿಯಲ್ಲಿ ಕಿಂಡಿಯಿಟ್ಟು, ಅದರ ಸಮೀಪದಲ್ಲಿಯೇ ತ್ರಿಕೋಣ ಗೋಡೆಯಲ್ಲಿಯೂ ಜಾಲರಿಯನ್ನಿಟ್ಟು, ಸೂರನ್ನು ಮುಚ್ಚಿಬಿಡುವರು. ಆಗ ಜಾಲರಿಯಿಂದ ಬಂದ ಗಾಳಿ ಹತ್ತಿರದ ದಾರಿಯನ್ನು ಹಿಡಿದು ನೆತ್ತಿಯಿಂದ ಹೊರಟುಹೋಗುತ್ತದೆ. ಅಟ್ಟದ ಕೆಳಭಾಗದಲ್ಲಿ, ಅಡಕೆಯ ಮೂಟೆಗಳಿರುವಲ್ಲಿ, ಗಾಳಿ ಕದಲುವುದೇ ಇಲ್ಲ.

ಎಷ್ಟು ಕಿಂಡಿ ಬೇಕು? ಈ ಪ್ರಶ್ನೆಗೆ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಉತ್ತರ ಅಮೆರಿಕದಿಂದ ಬಂದುದು. ಅದರ ಚರಿತ್ರೆಯೂ ಕುತೂಹಲಕರವಾಗಿದೆ. 1930ರ ದಶಕದಲ್ಲಿ ಆ ದೇಶದ ಚಳಿ ಸೀಮೆಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ಗೋಡೆ ಮಾಡುಗಳಲ್ಲಿ ಶಾಖವನ್ನು ತಡೆಯುವ ಪದಾರ್ಥಗಳನ್ನು ತುಂಬತೊಡಗಿದರು. ಅದರೊಡನೆ ಅಟ್ಟದ ಹಲಗೆಗಳ ಮೇಲೆ ಹಿಮದ ಹನಿ ಕಟ್ಟುವ ಉಪದ್ರವ ಕಾಣಿಸಿತು. ಮಿನೆಸೋಟ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿಯವರು ಈ ವಿಷಯದಲ್ಲಿ ಪ್ರಯೋಗಗಳನ್ನು ನಡೆಸಿ 1939ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 1942ರಲ್ಲಿ ಆ ದೇಶದ ಸರಕಾರದ ಗೃಹಸಾಲ ಇಲಾಖೆಯು ತನ್ನ ಕಟ್ಟಡಗಳ ನಿಯಮಾವಳಿಯಲ್ಲಿ, ಮುಚ್ಚಿಗೆಯ ವಿಸ್ತೀರ್ಣದ 300ರಲ್ಲಿ ಒಂದು ಪಾಲು ಗಾಳಿಕಿಂಡಿ ಇರಬೇಕೆಂದು ವಿಧಿಸಿತು. ಮುಂದೆ 150ರಲ್ಲಿ ಒಂದು ಪಾಲು ಸಾಮಾನ್ಯವೆಂದೂ, ಕಿಂಡಿಗಳು ಮೇಲೆ ಕೆಳಗೆ ಸಮವಾಗಿ ಹಂಚಿದ್ದರೆ 300ರಲ್ಲಿ ಒಂದು ಸಾಕೆಂದೂ ವಾಡಿಕೆ ನೆಲೆಗೊಂಡಿತು. ಆ ಸಂಖ್ಯೆಗೆ ಗಟ್ಟಿಯಾದ ಪ್ರಯೋಗದ ಆಧಾರವಿಲ್ಲವೆಂದು ವಿಲಿಯಂ ರೋಸ್, ಆಂಟನ್ ಟೆನ್‌ವೋಲ್ಡೆ ಎಂಬ ಸಂಶೋಧಕರು 2002ರಲ್ಲಿ ತೋರಿಸಿದರು. ಚಳಿನಾಡಿನ ಹಿಮದ ಭಯದಿಂದ ಹುಟ್ಟಿದ ಒಂದು ಅಂದಾಜು, ನಿಯಮದ ಪುಸ್ತಕವನ್ನು ಸೇರಿದ ಮಾತ್ರಕ್ಕೆ ಶಾಸ್ತ್ರವಾಗಿ, ಬಿಸಿಲುನಾಡುಗಳಿಗೂ ಹಬ್ಬಿತು.

ಹಾಗೆಂದು ಅದನ್ನು ತಳ್ಳಿಬಿಡಬೇಕಾಗಿಲ್ಲ. ಕನಿಷ್ಠ ಅಳತೆಯೆಂದು ಇಟ್ಟುಕೊಂಡು ನಮ್ಮ ಮನೆಗೆ ಹೊಂದಿಸಿ ನೋಡಬಹುದು. 36 ಅಡಿ ಉದ್ದ, 25 ಅಡಿ ಅಗಲದ ಮನೆಗೆ ಮುಚ್ಚಿಗೆಯ ವಿಸ್ತೀರ್ಣ 900 ಚದರಡಿ. ಅದರ 300ರಲ್ಲಿ ಒಂದು ಪಾಲು 3 ಚದರಡಿ. ಸೂರಿಗೆ ಒಂದೂವರೆ, ನೆತ್ತಿಗೆ ಒಂದೂವರೆ. ಎರಡು ಬದಿಯ ಸೂರುಗಳ ಉದ್ದ 72 ಅಡಿಯಾದುದರಿಂದ ಉದ್ದಕ್ಕೂ ಕಾಲಂಗುಲದ ಸೀಳು, ನೆತ್ತಿಯ 36 ಅಡಿಗೆ ಅರ್ಧ ಅಂಗುಲದ ಸೀಳು ಇಟ್ಟರೆ ಲೆಕ್ಕ ತುಂಬುತ್ತದೆ. ಈ ಅಳತೆ ಗಾಳಿ ನಿಜವಾಗಿ ಹೋಗುವ ತೆರಪಿನದು. ಬಾವಲಿಯೂ ಇಲಿಯೂ ಬಾರದಂತೆ ಹಾಕುವ ತಂತಿಯ ಬಲೆ, ಇರಿಚಲನ್ನು ತಡೆಯುವ ಪಟ್ಟಿ, ಅಡ್ಡ ಬರುವ ಪಕಾಸು—ಇವುಗಳು ನುಂಗುವ ಜಾಗವನ್ನು ಕಳೆದು ಲೆಕ್ಕ ಹಾಕಬೇಕು. ಆದುದರಿಂದ ಕಿಂಡಿಯನ್ನು ಇಮ್ಮಡಿಯಾಗಿ ಇಡುವುದು ಕ್ಷೇಮ. ಇಷ್ಟಾದರೂ ಅದು ನಮ್ಮ ಹಿರಿಯರು ಸೂರಿನಡಿ ಬಿಡುತ್ತಿದ್ದ ಗೇಣಿನ ತೆರಪಿನ ಮುಂದೆ ಏನೂ ಅಲ್ಲ.

ನಮ್ಮ ಹವೆಯ ವಿಶೇಷವನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಹೊರಗಣ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಂಡಿ ತೆರೆದ ಮಾತ್ರಕ್ಕೆ ಅಟ್ಟ ಒಣಗಿಹೋಗದು. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಅದಕ್ಕೆ ಕೊಳೆ ಹತ್ತುವುದಿಲ್ಲ. ಅದರ ಮೇಲೇರದಂತೆ ನೋಡಿಕೊಳ್ಳುವುದೇ ಗಾಳಿಯ ಕೆಲಸ. ಮೋಡ ಸರಿದು ಎರಡು ಗಳಿಗೆ ಬಿಸಿಲು ಬಿದ್ದಾಗ ಹಂಚು ಕಾದು, ಅಟ್ಟದ ತೇವವನ್ನು ಗಾಳಿ ಹೊತ್ತುಕೊಂಡು ಹೋಗಬೇಕು. ದಾರಿ ಮುಚ್ಚಿದ್ದರೆ ಆ ತೇವವು ರಾತ್ರಿ ಮರಳಿ ಮರದಲ್ಲಿಯೇ ಇಳಿಯುತ್ತದೆ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಕಡೆಯ ತ್ರಿಕೋಣ ಗೋಡೆಯಲ್ಲಿ ದೊಡ್ಡ ಜಾಲರಿಯನ್ನಿಟ್ಟು ಇರಿಚಲನ್ನು ಕರೆಯಬಾರದು. ಅಗಲವಾದ ಸೂರಿನ ನೆರಳಿನಲ್ಲಿ, ಗೋಡೆಯ ತಲೆಯಲ್ಲಿ, ಕಿಂಡಿಯಿಡುವುದೇ ಲೇಸು. ಬೇಸಗೆಯ ಸೆಕೆಗೆ ಗಾಳಿಯೊಂದೇ ಮದ್ದೆಂದು ತಿಳಿಯಲೂ ಆಗದು. ಕಾದ ಹಂಚು ಕೆಂಡದಂತೆ ತನ್ನ ಶಾಖವನ್ನು ಮುಚ್ಚಿಗೆಯ ಮೇಲೆ ನೇರವಾಗಿ ಚೆಲ್ಲುತ್ತದೆ. ನಡುವೆ ಬೀಸುವ ಗಾಳಿ ಅದನ್ನು ತಡೆಯಲಾರದು. ಹಂಚಿನಡಿ ಚಪ್ಪಟೆಯ ಒಳಹಂಚನ್ನು ಹಾಸಿದವರು ಈ ಶಾಖಕ್ಕೆ ಮರೆಯನ್ನು ಒಡ್ಡಿದರು. ಮರೆಯೂ ಬೇಕು, ಗಾಳಿಯೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಈಗ ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಕಾಂಕ್ರೀಟಿನ ತಾರಸಿ ಬಂದು, ತಾರಸಿ ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಬಂದಿದೆ. ಮುಚ್ಚಿದ ತಗಡು ಹಗಲು ಬೇಗ ಕಾದು, ರಾತ್ರಿ ಬೇಗ ತಣಿದು, ಒಳಮೈಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ಹಂಚಿನಂತೆ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುವ ಗುಣ ಅದಕ್ಕಿಲ್ಲ. ಉಳಿದ ಹಂಚಿನ ಮನೆಗಳಲ್ಲಿಯೂ ಹಂಚಿನಡಿ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಗುಬ್ಬಿ ಬಾರದಿರಲೆಂದು ಸೂರಿನ ಸಂದಿಗೆ ಸಿಮೆಂಟು ತುರುಕುವ ವಾಡಿಕೆ ಹೆಚ್ಚುತ್ತಿದೆ. ಅಡಿಗೆಮನೆಗೆ ಗ್ಯಾಸಿನ ಒಲೆ ಬಂದುದರಿಂದ ಹೆಂಗಸರ ಕಣ್ಣಿನ ಉರಿ ತಪ್ಪಿತೆಂಬುದು ಸಂತೋಷದ ವಿಷಯ. ಆದರೆ ಅಟ್ಟವನ್ನು ಕಾಯುತ್ತಿದ್ದ ಹೊಗೆಯೂ ಅದರೊಡನೆ ಹೋಯಿತು. ಹೊಗೆ ಹೋದ ಮನೆಯಲ್ಲಿ ಗಾಳಿಯಾದರೂ ಇರಬೇಕು. ಎರಡೂ ಇಲ್ಲದ ಅಟ್ಟದಲ್ಲಿ ಪಕಾಸಿಗೆ ಕುಟ್ಟೆ ಹಿಡಿದು ಹಂಚು ತಗ್ಗುತ್ತದೆ, ಅಡಕೆ ಬೂಷ್ಟು ಹಿಡಿಯುತ್ತದೆ, ಓಲೆಗರಿಗೆ ಹುಳು ಬೀಳುತ್ತದೆ. ಪಕಾಸನ್ನು ಬದಲಿಸಬಹುದು, ಅಡಕೆಯನ್ನು ಮರುವರ್ಷ ಬೆಳೆಯಬಹುದು. ಒಂದೇ ಪ್ರತಿಯಿದ್ದ ಗ್ರಂಥವು ಮರಳಿ ಬಾರದು.

ಆದುದರಿಂದ ಹಳೆಯ ಮನೆಯುಳ್ಳ ಮಹನೀಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಈ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಆಳು ಬಂದಾಗ, ಹಗಲು ಹೊತ್ತಿನಲ್ಲಿ ಒಮ್ಮೆ ಅಟ್ಟವನ್ನೇರಿ ನೋಡಿರಿ. ಸೂರಿನ ಕಡೆಯಿಂದ ಬೆಳಕಿನ ಗೆರೆ ಕಾಣುತ್ತದೆಯೇ? ನೆತ್ತಿಯ ಕಡೆಯಿಂದಲೂ ಕಾಣುತ್ತದೆಯೇ? ಎರಡೂ ಕಡೆ ಕಂಡರೆ ಗಾಳಿಗೆ ದಾರಿಯುಂಟು. ಒಂದೇ ಕಡೆ ಕಂಡರೆ ಅರ್ಧ ದಾರಿ. ಎಲ್ಲಿಯೂ ಕಾಣದಿದ್ದರೆ ಮುಚ್ಚಿದುದನ್ನು ತೆಗೆಯಿಸಿ, ಬಲೆಯನ್ನು ಹಾಕಿಸಿ, ಮೇಲೂ ಕೆಳಗೂ ಸಮನಾದ ಕಿಂಡಿಯನ್ನು ಬಿಡಿಸಿರಿ. ಮೇಲೇರಿದಾಗ ಮೂಲೆಯಲ್ಲಿ ಓಲೆಗರಿಯ ಕಟ್ಟು ಸಿಕ್ಕಿದರೆ, ಅದನ್ನು ಕೆಳಗಿಳಿಸಿ ಬಲ್ಲವರಿಗೆ ತೋರಿಸಿರಿ.